ಕೊನೆಯ ಕ್ರಿಯಾಪದ ಬರುವ ತನಕ

"ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಆರಿಸಿ, ಮಂಡಿಗೆ ಹಾಕಿದೆವು."

ನಮ್ಮ ಶಿವಮೊಗ್ಗ ಸೀಮೆಯವರಿಗೆ ಈ ವಾಕ್ಯದಲ್ಲಿ ವಿಶೇಷ ಏನೂ ಕಾಣಲ್ಲ. ತೋಟ ಇರೋರ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯೋ ಕೆಲಸವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ ಹಾಗೆ, ಅಷ್ಟೇ. ಆದರೆ ಒಂದು ನಿಮಿಷ ಹೈಸ್ಕೂಲಿನ ಕನ್ನಡ ಮೇಷ್ಟ್ರ ಕಣ್ಣಿನಿಂದ ನೋಡಿ. ಆರು ಕೆಲಸ ಇದೆ. ಮೊದಲ ಐದು ಕೆಲಸಗಳನ್ನು ಯಾರು ಮಾಡಿದರು, ಯಾವಾಗ ಮಾಡಿದರು, ನಿಜವಾಗಿ ಮಾಡಿದರೋ ಇಲ್ಲವೋ, ಒಂದೂ ಗೊತ್ತಾಗಲ್ಲ. ಎಲ್ಲವೂ ಆರನೆಯ ಪದಕ್ಕೆ ಕಾಯುತ್ತಾ ಕೂತಿವೆ. "ಹಾಕಿದೆವು" ಅಂದರೆ ಆರೂ ಕೆಲಸ ಆಗಿದೆ. "ಹಾಕಬೇಕು" ಅಂದರೆ ಒಂದೂ ಆಗಿಲ್ಲ, ಎಲ್ಲ ಬಾಕಿ ಇದೆ. ಶಾಲೆಯಲ್ಲಿ ಇದನ್ನು ಕೃದಂತಾವ್ಯಯ ಅಂತ ಹೇಳಿಕೊಟ್ಟಿದ್ದರು. ಎರಡು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿ ನಾನೂ ಮರೆತಿದ್ದೆ.

ಹದಿನೈದು ವರ್ಷ ಆದ ಮೇಲೆ ಅದೇ ಪಾಠದ ಮೇಲೆ ನಾನು ಒಂದು ಕಮಾಂಡ್ ಲೈನ್ ಶೆಲ್ ಕಟ್ಟಿದೆ. ಯಾಕೆ ಕಟ್ಟಿದೆ, ಅದರಿಂದ ಏನಾಯಿತು ಅಂತ ಹೇಳೋದಕ್ಕೆ ಈ ಬರಹ.

ಕಪ್ಪು ಪರದೆಯ ಕಥೆ

ಶೆಲ್ ಅಂದರೆ ಗೊತ್ತಿಲ್ಲದವರಿಗೆ: ಸಿನಿಮಾದಲ್ಲಿ ಹ್ಯಾಕರ್ ಕೂತು ಕಪ್ಪು ಪರದೆ ಮೇಲೆ ಪಟಪಟ ಟೈಪ್ ಮಾಡುತ್ತಾನಲ್ಲ, ಆ ಪರದೆಯೊಳಗೆ ಕೂತು ಅವನ ಮಾತನ್ನು ಕಂಪ್ಯೂಟರಿಗೆ ತಲುಪಿಸುವ ಪ್ರೋಗ್ರಾಮ್ ಅದು. ನೀವು ಫೋನಿನಲ್ಲಿ ಐಕಾನ್ ಒತ್ತಿ ಮಾಡಿಸುವ ಕೆಲಸವನ್ನು ಇಲ್ಲಿ ಬರೆದು ಮಾಡಿಸಬೇಕು. ಶೆಲ್ ಅಂದರೆ ಚಿಪ್ಪು. ಒಳಗಿನ ತಿರುಳಿನ ಸುತ್ತ ಇರುವುದಕ್ಕೆ ಈ ಹೆಸರು. 1960ರ ದಶಕದಲ್ಲಿ ಲೂಯಿ ಪೂಜಾಂ ಅನ್ನುವ ಫ್ರೆಂಚ್ ವಿಜ್ಞಾನಿ ಕೊಟ್ಟ ಹೆಸರು ಇದು.

ಯೂನಿಕ್ಸ್‌ನ ಮೊದಲ ಶೆಲ್ ಅನ್ನು ಕೆನ್ ಥಾಂಪ್ಸನ್ 1971ರಲ್ಲಿ ಬರೆದರು. ಅದಕ್ಕಿಂತ ಏಳು ವರ್ಷ ಮುಂಚೆಯೇ, 1964ರಲ್ಲಿ, ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ ಒಂದು ಟಿಪ್ಪಣಿ ಬರೆದಿಟ್ಟಿದ್ದರು. ತೋಟಕ್ಕೆ ನೀರು ಹಾಯಿಸುವ ಪೈಪುಗಳನ್ನು ಒಂದಕ್ಕೊಂದು ಸಿಕ್ಕಿಸುವ ಹಾಗೆ ಪ್ರೋಗ್ರಾಮುಗಳನ್ನೂ ಜೋಡಿಸಲು ಬರಬೇಕು ಅನ್ನೋದು ಅವರ ಆಸೆ. 1973ರಲ್ಲಿ ಥಾಂಪ್ಸನ್ ಅದನ್ನು ಒಂದೇ ರಾತ್ರಿಯಲ್ಲಿ ಯೂನಿಕ್ಸ್‌ಗೆ ಸೇರಿಸಿದರು. ಆ ಪೈಪಿನ ಗುರುತು ಒಂದು ನೆಟ್ಟಗೆರೆ. ಒಂದು ಪ್ರೋಗ್ರಾಮಿನಿಂದ ಹೊರಬಂದದ್ದು ಗೆರೆ ದಾಟಿ ಇನ್ನೊಂದರ ಒಳಗೆ ಹೋಗುತ್ತೆ. ಇವತ್ತಿಗೂ ಜಗತ್ತಿನ ಸರ್ವರ್‌ಗಳೆಲ್ಲ ಈ ಗೆರೆಯ ಮೇಲೆ ನಡೆಯುತ್ತಿವೆ ಅಂದರೆ ತಪ್ಪಾಗಲ್ಲ.

ತೋಟದ ಪೈಪ್ ಕಂಡವರಿಗೆ ಇದು ಹೊಸದಲ್ಲ. ಹೊಸದಾಗಿ ಕಂಡಿದ್ದು ಇನ್ನೊಂದು. ಈ ಪೈಪ್‌ಲೈನ್ ಮತ್ತು ಮೇಲೆ ಬರೆದ ಅಡಿಕೆ ವಾಕ್ಯ, ಎರಡರ ಆಕಾರವೂ ಒಂದೇ. "ಓದಿ, ಆರಿಸಿ, ಜೋಡಿಸಿ, ತೋರಿಸು." ಇಂಗ್ಲಿಷಿನಲ್ಲಿ ಇದನ್ನು ಹೇಳಬೇಕಾದರೆ ನಡುನಡುವೆ 'ಆಮೇಲೆ, ಆಮೇಲೆ' ಅಂತ ಹೊಲಿಯಬೇಕು. ಕನ್ನಡದಲ್ಲಿ ಕ್ರಿಯಾಪದವೇ ಕೊಂಡಿ.

ಊರಿಗೆ ಬಂದಿದ್ದು

ಇದೆಲ್ಲ ಹೊಳೆಯುವಷ್ಟು ಪುರುಸೊತ್ತು ನನಗೆ ಸಿಕ್ಕಿದ್ದು ಕೆಲಸ ಹೋಗಿದ್ದರಿಂದ. ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ವರ್ಷ ಇದ್ದೆ. ಹೋದ ವರ್ಷ ಜನವರಿಯಲ್ಲಿ ಹದಿನೈದು ನಿಮಿಷದ ಒಂದು ವಿಡಿಯೋ ಕಾಲ್. ನಮ್ಮ ಇಡೀ ಟೀಮ್ ಬೇಡವಾಗಿತ್ತು. ಪಿಜಿ ಖಾಲಿ ಮಾಡಿ, ಎರಡು ಬ್ಯಾಗ್ ಹಿಡಿದು ಭದ್ರಾವತಿಗೆ ಬಂದೆ.

ಮೊದಲ ವಾರ ಎಲ್ಲರೂ ಕೇಳಿದ್ದು, "ರಜೆನಾ?" ಮೂರನೇ ವಾರದ ಹೊತ್ತಿಗೆ ಕೇಳೋದು ಬಿಟ್ಟರು. ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಬೆಂಕಿಪುರ ಅಂತ ಕರೆಸಿಕೊಳ್ಳುತ್ತಿದ್ದ ಊರಿದು. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು, ವಿಶ್ವೇಶ್ವರಯ್ಯನವರ ಹಟ. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಇವತ್ತಿಗೂ ನಮ್ಮಲ್ಲಿ ಬಡಾವಣೆಗಳ ಹೆಸರೇ ನ್ಯೂ ಟೌನ್, ಪೇಪರ್ ಟೌನ್. ಪೇಪರ್ ಮಿಲ್ ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯ ಬಗ್ಗೆ ಪ್ರತಿ ಚುನಾವಣೆಯಲ್ಲೂ ಮಾತು ಬರುತ್ತೆ. ಕೆಲಸ ಅನ್ನೋದು ಒಂದು ದಿನ ನಿಂತು ಹೋಗಬಹುದು ಅನ್ನೋದನ್ನು ಈ ಊರು ಐಟಿಯವರಿಗಿಂತ ಎಷ್ಟೋ ಮುಂಚೆ ಕಲಿತಿದೆ.

ನಮ್ಮಪ್ಪ ಫೌಂಡ್ರಿಯಲ್ಲಿ ಮೂವತ್ತಮೂರು ವರ್ಷ ದುಡಿದು ರಿಟೈರ್ ಆದವರು. ಒಂದು ವಾರ ಏನೂ ಮಾತಾಡಲಿಲ್ಲ. ಎಂಟನೇ ದಿನ ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು, "ಕೆಲಸ ಸಿಗೋವಾಗ ಸಿಗ್ಲಿ. ಕೈ ಮಾತ್ರ ಸುಮ್ಮನೆ ಕೂರಬಾರದು ಪುಟ್ಟಿ" ಅಂದರು.

ಹಾಗೆ ಶುರುವಾಯಿತು. ಬೆಳಿಗ್ಗೆ ಅರ್ಜಿ ಹಾಕೋದು, ಇಂಟರ್‌ವ್ಯೂ ಕೊಡೋದು. ರಾತ್ರಿ ಊಟ ಆದ ಮೇಲೆ ಶೆಲ್.

ಜರಡಿಗೆ ಏನೂ ಅಂಟಬಾರದು

ನನಗೆ ಕಾಲೇಜಿನಿಂದಲೂ ಫಂಕ್ಷನಲ್ ಪ್ರೋಗ್ರಾಮಿಂಗ್ ಅಂದರೆ ಒಂದು ಸೆಳೆತ. ಸರಳವಾಗಿ ಹೇಳೋದಾದರೆ, ಪ್ರೋಗ್ರಾಮಿನ ಒಂದೊಂದು ತುಂಡೂ ಒಳ್ಳೆ ಜರಡಿಯ ಹಾಗೆ ಇರಬೇಕು. ಅದೇ ಹಿಟ್ಟು ಹಾಕಿದರೆ ಅದೇ ಹಿಟ್ಟು ಬರಬೇಕು. ನಿನ್ನೆ ಏನು ಜರಡಿ ಹಿಡಿದಿದ್ದೆವು ಅನ್ನೋದು ಇವತ್ತಿನ ಹಿಟ್ಟಿಗೆ ಅಂಟಬಾರದು. ಪಕ್ಕದ ಡಬ್ಬಿಯನ್ನು ಅದು ಮುಟ್ಟಬಾರದು. ಹೀಗಿದ್ದರೆ ಜರಡಿ, ಒರಳು, ಬಾಣಲೆ ಯಾವುದನ್ನು ಯಾವುದರ ಮುಂದೆ ಇಟ್ಟರೂ ಧೈರ್ಯ. ಇದರ ಗಣಿತ 1930ರ ದಶಕದ್ದು, ಅಲೊಂಜೊ ಚರ್ಚ್ ಅವರ ಲ್ಯಾಂಬ್ಡಾ ಕ್ಯಾಲ್ಕುಲಸ್. ಜಾನ್ ಮೆಕಾರ್ಥಿ 1958ರಲ್ಲಿ ಲಿಸ್ಪ್ ಶುರು ಮಾಡಿದರು. 1990ರಲ್ಲಿ ಹ್ಯಾಸ್ಕೆಲ್ ಬಂತು.

ಶೆಲ್‌ಗೆ ಈ ವಿಚಾರ ತಂದವರಲ್ಲಿ ನಾನು ಮೊದಲಿಗಳಲ್ಲ. 1993ರಲ್ಲಿ ಪಾಲ್ ಹಾರ್ ಮತ್ತು ಬೈರನ್ ರಕಿಟ್ಜಿಸ್ 'ಇಎಸ್' ಅನ್ನುವ ಶೆಲ್ ಮಾಡಿದರು. ಅದರಲ್ಲಿ ಫಂಕ್ಷನ್ನನ್ನೇ ಒಂದು ವಸ್ತುವಿನ ಹಾಗೆ ಕೈಯಿಂದ ಕೈಗೆ ದಾಟಿಸಬಹುದು. ಮರುವರ್ಷ ಓಲಿನ್ ಶಿವರ್ಸ್ ಲಿಸ್ಪ್ ಕುಟುಂಬದ ಸ್ಕೀಮ್ ಭಾಷೆಯಲ್ಲೇ ಶೆಲ್ ಕಟ್ಟಿದರು. 2006ರ ಪವರ್‌ಶೆಲ್ ಪೈಪಿನಲ್ಲಿ ಬರೀ ಅಕ್ಷರದ ಬದಲು ಆಕಾರ ಇರುವ ಮಾಹಿತಿ ಕಳಿಸಿತು. 2019ರಲ್ಲಿ ಬಂದ ನುಶೆಲ್ ಎಲ್ಲವನ್ನೂ ಕೋಷ್ಟಕವಾಗಿ ನೋಡುತ್ತೆ. ಇವರೆಲ್ಲರಿಂದಲೂ ನಾನು ಕಡ ತಂದಿದ್ದೇನೆ. ನನ್ನದು ಅಂತ ಇರೋದು ಒಂದೇ, ಕನ್ನಡದ ವಾಕ್ಯ.

ನನ್ನ ಶೆಲ್‌ನಲ್ಲಿ ಹೀಗೆ ಬರೆಯಬೇಕು:

ಮಂಡಿ.ಪಟ್ಟಿ ಓದಿ | ಬಗೆ=ರಾಶಿ ಆರಿಸಿ | ಊರಿನಂತೆ ಗುಂಪಾಗಿಸಿ | ತೂಕ ಕೂಡಿಸಿ | ತೋರಿಸು

ವಸ್ತು ಮೊದಲು, ಕ್ರಿಯೆ ಆಮೇಲೆ, ನಾವು ಮಾತಾಡುವ ಹಾಗೇ. ನಡುವಿನ ಕ್ರಿಯೆಗಳೆಲ್ಲ ಅಪೂರ್ಣ, ಕೊನೆಯದೊಂದು ಪೂರ್ಣ. ಮತ್ತು ಇದು ಬರೀ ಅಲಂಕಾರಕ್ಕಲ್ಲ. ನಡುವೆ ಬರುವ ಯಾವ ಪದಕ್ಕೂ ಹೊರಗಿನ ಲೋಕವನ್ನು ಮುಟ್ಟುವ ಅಧಿಕಾರ ಇಲ್ಲ. 'ಆರಿಸಿ', 'ಜೋಡಿಸಿ', 'ಕೂಡಿಸಿ' ಇವೆಲ್ಲ ಜರಡಿಗಳು. ಮೂಲ ಫೈಲ್ ಇದ್ದ ಹಾಗೇ ಇರುತ್ತೆ. ತೋರಿಸೋದು, ಬರೆಯೋದು, ಅಳಿಸೋದು, ಕಳಿಸೋದು, ಇಂಥ ಕೈ ಮಾಡುವ ಕೆಲಸಗಳು ಕೊನೆಯ ಜಾಗದಲ್ಲಿ ಮಾತ್ರ ಬರಬಹುದು.

ಇನ್ನೊಂದು ಲಾಭವೂ ಇದೆ. ಕೊನೆಯ ಕ್ರಿಯಾಪದ ಬರುವ ತನಕ ಶೆಲ್ ಏನನ್ನೂ ಮಾಡಲ್ಲ. ಕೊನೆಗೆ 'ಮೊದಲ 10 ತೋರಿಸು' ಅಂದಿದ್ದರೆ, ಆರಿಸಿದ ಹತ್ತು ಸಾಲು ಸಿಕ್ಕಿದ ಕೂಡಲೇ ನಿಲ್ಲಿಸುತ್ತೆ, ಉಳಿದ ಸಾವಿರಾರು ಸಾಲು ಓದುವ ಗೋಜಿಗೇ ಹೋಗಲ್ಲ. ಇದನ್ನು ನಮ್ಮ ಭಾಷೆಯಲ್ಲಿ ಲೇಜಿ ಇವ್ಯಾಲ್ಯುಯೇಷನ್ ಅಂತಾರೆ. ಸೋಮಾರಿತನ ಗುಣವಾಗಿರೋದು ನಮ್ಮ ಕ್ಷೇತ್ರದಲ್ಲಿ ಮಾತ್ರ.

ಒಂದು ರಾತ್ರಿ ಅಮ್ಮ ಹಿಂದೆ ನಿಂತು ನೋಡಿ ಕೇಳಿದಳು: "ಎಲ್ಲಾ ಕಡೆ 'ಓದಿ, ಆರಿಸಿ' ಅಂತ ಮರ್ಯಾದೆ ಕೊಟ್ಟು, ಕೊನೆಗೆ ಯಾಕೆ 'ತೋರಿಸು' ಅಂತ ಏಕವಚನ?"

ನಾನು ಅಪೂರ್ಣ ಕ್ರಿಯೆ ಅಂದುಕೊಂಡು ಬರೆದದ್ದನ್ನು ಅಮ್ಮ ಬಹುವಚನ ಅಂತ ಓದಿದ್ದಳು. ಎರಡೂ ಸರಿಯೇ. ಕನ್ನಡದಲ್ಲಿ 'ಓದಿ' ಅಂದರೆ ಓದಿಕೊಂಡು ಅಂತಲೂ ಹೌದು, ದಯವಿಟ್ಟು ಓದಿ ಅಂತಲೂ ಹೌದು. ಜಾಗ ನೋಡಿಯೇ ಅರ್ಥ ತಿಳಿಯಬೇಕು. ಶೆಲ್‌ಗೂ ಅದನ್ನೇ ಕಲಿಸಿದೆ. ನಡುವೆ ಬಂದರೆ ಮುಗಿಯದ ಕೆಲಸ, ಕೊನೆಗೆ ಬಂದರೆ ಗೌರವದ ಆಜ್ಞೆ. ಈಗ 'ತೋರಿಸಿ' ಅಂದರೂ ತೋರಿಸುತ್ತೆ.

ಸುರಿಯುವ ಮೊದಲು

ಅಳಿಸುವ ಕೆಲಸದ ಬಗ್ಗೆ ನನಗೆ ಮೊದಲಿಂದಲೂ ಭಯ. ಶೆಲ್ ಹೇಳಿದ್ದನ್ನು ಮಾಡುತ್ತೆ, ಯಾಕೆ ಅಂತ ಕೇಳಲ್ಲ. 2015ರಲ್ಲಿ ಲಿನಕ್ಸ್‌ನ 'ಸ್ಟೀಮ್' ಅನ್ನುವ ಆಟಗಳ ತಂತ್ರಾಂಶದಲ್ಲಿ ಒಂದು ದೋಷ ಬೆಳಕಿಗೆ ಬಂತು. ಯಾವ ಫೋಲ್ಡರ್ ಅಳಿಸಬೇಕು ಅನ್ನೋದನ್ನು ಒಂದು ವೇರಿಯಬಲ್ ಹೇಳಬೇಕಿತ್ತು. ಕೆಲವು ಸಂದರ್ಭದಲ್ಲಿ ಅದು ಖಾಲಿ ಉಳಿಯುತ್ತಿತ್ತು. 'ಈ ಫೋಲ್ಡರಿನ ಒಳಗಿರೋದೆಲ್ಲ ಅಳಿಸು' ಅನ್ನುವ ಆಜ್ಞೆಯಲ್ಲಿ 'ಈ ಫೋಲ್ಡರ್' ಅನ್ನೋದು ಮಾಯವಾದರೆ ಉಳಿಯೋದು ಏನು? ಎಲ್ಲ ಅಳಿಸು. ಬಳಕೆದಾರರ ಸ್ವಂತ ಫೈಲುಗಳೂ ಹೋದವು.

ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪನಿಗೆ ವೇರಿಯಬಲ್ ಗೊತ್ತಿಲ್ಲ, ಆದರೆ ಅಚ್ಚು ಗೊತ್ತು. "ನೋಡು, ಪ್ಯಾಟರ್ನ್ ಮರದ್ದು. ಅದನ್ನ ಮರಳಲ್ಲಿ ಒತ್ತಿ ಅಚ್ಚು ಮಾಡ್ತೀವಿ. ಅಚ್ಚು ಸರಿ ಬರ್ಲಿಲ್ವಾ, ಮರಳು ಕೆಡವಿ ಇನ್ನೊಂದ್ಸಲ. ಪ್ಯಾಟರ್ನ್‌ಗೆ ಏನೂ ಆಗಲ್ಲ. ನೂರು ಸಲ ಬೇಕಾದ್ರೂ ಮಾಡು. ಆದ್ರೆ ಸುರಿದ ಮೇಲೆ ಮುಗೀತು."

ಕರಗಿದ ಕಬ್ಬಿಣ ಅಂದರೆ ಸುಮಾರು 1,300 ಡಿಗ್ರಿ. ಅಚ್ಚಿನಲ್ಲಿ ಹಸಿ ಹೆಚ್ಚಿದ್ದರೆ ಲೋಹ ಬಿದ್ದ ಕೂಡಲೇ ನೀರು ಆವಿಯಾಗಿ ಸಿಡಿಯುತ್ತೆ. ಅದಕ್ಕೇ ಸುರಿಯೋ ಮೊದಲು ಒಬ್ಬರು ಅಚ್ಚುಗಳನ್ನೆಲ್ಲ ಇನ್ನೊಮ್ಮೆ ನೋಡಿ ಬರುತ್ತಿದ್ದರಂತೆ. ಅವರು ಕೈ ಎತ್ತದೆ ಲೇಡಲ್ ಬಾಗುತ್ತಿರಲಿಲ್ಲ.

ಪ್ಯಾಟರ್ನ್, ಅಚ್ಚು, ಎರಕ. ಫಂಕ್ಷನಲ್ ಪ್ರೋಗ್ರಾಮಿಂಗಿನ ಪುಸ್ತಕದಲ್ಲಿ ಎರಡು ಅಧ್ಯಾಯ ಓದಿ ನಾನು ಅರ್ಥ ಮಾಡಿಕೊಂಡಿದ್ದನ್ನು ಅಪ್ಪ ಎರಡು ನಿಮಿಷದಲ್ಲಿ ಹೇಳಿದ್ದರು. ಅವತ್ತಿನಿಂದ ನನ್ನ ಶೆಲ್‌ನಲ್ಲಿ ಅಳಿಸುವ, ತಿದ್ದಿ ಬರೆಯುವ ಯಾವ ಆಜ್ಞೆ ಕೊಟ್ಟರೂ ಅದು ಮೊದಲು ಲೆಕ್ಕ ಒಪ್ಪಿಸುತ್ತೆ: "214 ಫೈಲ್ ಅಳಿಯುತ್ತವೆ. ಸುರಿಯಲಾ?" 'ಸುರಿ' ಅಂತ ಬರೆದರೆ ಮಾತ್ರ ಮುಂದೆ. 'ಹೌದು' ಅಂದರೆ ಆಗಲ್ಲ. ಹೌದು ಅನ್ನೋದಕ್ಕೆ ನಮ್ಮ ಬೆರಳು ಯೋಚನೆ ಮಾಡಲ್ಲ, ಅದಕ್ಕೆ.

ನಾಲ್ಕು ಅಕ್ಷರ, ಎಂಟು ಸಂಕೇತ

ಕನ್ನಡದಲ್ಲಿ ಶೆಲ್ ಕಟ್ಟೋದರಲ್ಲಿ ತಲೆನೋವು ಇರೋದು ವ್ಯಾಕರಣದಲ್ಲಿ ಅಲ್ಲ, ಅಕ್ಷರದಲ್ಲಿ. ಕನ್ನಡ 1991ರಿಂದ, ಅಂದರೆ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದೆ. ಆದರೆ ಕಂಪ್ಯೂಟರ್ ಎಣಿಸುವ 'ಅಕ್ಷರ'ಕ್ಕೂ ನಾವು ಎಣಿಸುವ ಅಕ್ಷರಕ್ಕೂ ತಾಳೆ ಇಲ್ಲ. 'ಶಿವಮೊಗ್ಗ' ತಗೊಳ್ಳಿ. ನಮಗೆ ನಾಲ್ಕು ಅಕ್ಷರ. ಯೂನಿಕೋಡ್‌ಗೆ ಎಂಟು ಸಂಕೇತ: ಶ, ಇಕಾರ, ವ, ಮ, ಒಕಾರ, ಗ, ಅರ್ಧಾಕ್ಷರದ ಗುರುತು, ಗ. ಒಂದೊಂದಕ್ಕೂ ಮೂರು ಬೈಟ್, ಒಟ್ಟು 24. ತಮಾಷೆ ಅಂದರೆ 'ಭದ್ರಾವತಿ'ಯೂ ಅಷ್ಟೇ. ನಾಲ್ಕು ಅಕ್ಷರ, ಎಂಟು ಸಂಕೇತ, 24 ಬೈಟ್. ಎರಡೂ ಊರಿನ ನಡುವೆ ಸುಮಾರು 20 ಕಿಲೋಮೀಟರ್ ಇರಬಹುದು, ಕಂಪ್ಯೂಟರಿನ ತಕ್ಕಡಿಯಲ್ಲಿ ಮಾತ್ರ ಸಮ ಸಮ.

ಟರ್ಮಿನಲ್ ಪರದೆ ಚೌಕಳಿ ನೋಟ್‌ಬುಕ್ಕಿನ ಹಾಗೆ. ಒಂದು ಮನೆಗೆ ಒಂದು ಅಕ್ಷರ ಅನ್ನೋದು ಅದರ ಲೆಕ್ಕ. ಇಂಗ್ಲಿಷ್ ಅದಕ್ಕೆ ಹೊಂದುತ್ತೆ. ಒತ್ತಕ್ಷರ ಬಂದರೆ ಬಹಳಷ್ಟು ಟರ್ಮಿನಲ್‌ಗಳಲ್ಲಿ ಸಾಲು ಅಂಕುಡೊಂಕು. ನಾನು ಒಂದು ತಿಂಗಳು ಗುದ್ದಾಡಿ, ಕೊನೆಗೆ ಕೋಷ್ಟಕಗಳನ್ನು ಬ್ರೌಸರ್ ಪುಟದಲ್ಲಿ ತೋರಿಸುವ ದಾರಿ ಹಿಡಿದೆ. ಕಪ್ಪು ಪರದೆಯ ಮೋಹ ಅಲ್ಲಿಗೆ ಅರ್ಧ ಹೋಯಿತು.

ಮಾರ್ಚ್ ಹೊತ್ತಿಗೆ ಸುಮಾರು ನಾಲ್ಕು ಸಾವಿರ ಸಾಲಿನ ರಸ್ಟ್ ಕೋಡ್ ಆಗಿತ್ತು. ಬಳಸುವವಳು ಒಬ್ಬಳೇ, ನಾನು.

ಎರಡು ಹೊಳೆಹೊನ್ನೂರು

ನನ್ನ ಸೋದರಮಾವನದು ಶಿವಮೊಗ್ಗದಲ್ಲಿ ಅಡಿಕೆ ಮಂಡಿ. ರೈತರು ಅಡಿಕೆ ತಂದು ಬಿಡುತ್ತಾರೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬಗೆ ಪ್ರಕಾರ ಲಾಟ್ ಆಗುತ್ತೆ, ವ್ಯಾಪಾರ ಆಗುತ್ತೆ, ಹಣ ರೈತರ ಖಾತೆಗೆ. ಅಡಿಕೆ ಬರುವ ಮುಂಚೆಯೇ ಮುಂಗಡ ತಗೊಂಡಿರುವವರೂ ಇರುತ್ತಾರೆ. ಅದನ್ನು ಆಮೇಲೆ ಮುರಿದುಕೊಳ್ಳೋದು ವಾಡಿಕೆ. ಇಪ್ಪತ್ತು ವರ್ಷ ಲೆಕ್ಕ ಬರೆದ ಗುಮಾಸ್ತರು ಬಿಟ್ಟು ಹೋಗಿದ್ದರು. ಹೊಸ ಹುಡುಗ ಬಂದಿದ್ದ. ಮಾರ್ಚ್ 31ರ ಒಳಗೆ ಮೂರು ವರ್ಷದ ಲೆಕ್ಕ ಒಪ್ಪ ಮಾಡಬೇಕಿತ್ತು.

"ನಿನಗೆ ಕಂಪ್ಯೂಟರ್ ಬರುತ್ತಲ್ಲ, ಎರಡು ದಿನ ಬಂದು ನೋಡು" ಅಂತ ಮಾವ ಕರೆದರು. ಬೆಳಿಗ್ಗೆ ಬಸ್ಸು ಹಿಡಿದು ಹೋದೆ.

ನಾನು ಹೋದ ದಿನವೇ ಅಲ್ಲಿ ಒಬ್ಬ ಅಜ್ಜ ಕೂತಿದ್ದರು. ಹೊಳೆಹೊನ್ನೂರಿನವರು. ಅವರ ಹೆಸರಲ್ಲಿ 40,000 ರೂಪಾಯಿ ಮುಂಗಡ ಬಾಕಿ ಅಂತ ಮಂಡಿಯ ಲೆಕ್ಕ ಹೇಳುತ್ತಿತ್ತು. "ಹೋದ ಸಲ ರಾಶಿ ಹಾಕ್ದಾಗ್ಲೇ ಮುರ್ಕೊಂಡ್ರಲ್ಲಪ್ಪಾ" ಅಂತ ಅಜ್ಜ. ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ. ಹಳೆಯ ಗುಮಾಸ್ತರ ಕೈಬರಹ. ಹುಡುಗ ಪಾಪ, ಕಂಪ್ಯೂಟರ್ ತಿರುಗಿಸಿ ತೋರಿಸುತ್ತಿದ್ದ. "ಅಜ್ಜ, ನೋಡಿ, ಇಲ್ಲಿ ಜಮೆನೇ ಆಗಿಲ್ಲ." ಮಾವನಿಗೆ ಚೀಟಿ ನಂಬಬೇಕು ಅನ್ನಿಸುತ್ತೆ, ಆದರೆ ಲೆಕ್ಕದಲ್ಲಿ ಇಲ್ಲದ್ದನ್ನು ಯಾವ ಬಾಯಲ್ಲಿ ಒಪ್ಪೋದು? ಮಂಡಿಯ ವ್ಯವಹಾರ ನಿಂತಿರೋದೇ ನಂಬಿಕೆ ಮೇಲೆ. ಒಬ್ಬರದು ಮುರಿದರೆ ಇಡೀ ಊರು ಬೇರೆ ಮಂಡಿಗೆ ಹೋಗುತ್ತೆ.

ಸುಮಾರು 11,000 ಸಾಲುಗಳ ಪಟ್ಟಿ. ನಾನು ಲ್ಯಾಪ್‌ಟಾಪ್ ತೆಗೆದು ಮೊದಲು ಸುಮ್ಮನೆ ಊರುಗಳನ್ನು ಎಣಿಸಿದೆ:

ಮಂಡಿ.ಪಟ್ಟಿ ಓದಿ | ಊರಿನಂತೆ ಗುಂಪಾಗಿಸಿ | ಎಣಿಸಿ | ತೋರಿಸು

ಉದ್ದದ ಪಟ್ಟಿ ಬಂತು. ಅದರಲ್ಲಿ 'ಶಿಮೊಗ್ಗ', 'ಶಿವಮೊಗ್ಗ' ಎರಡೂ ಇದ್ದವು. ಅದು ಅರ್ಥವಾಗುವಂಥದ್ದೇ. 2014ರ ನವೆಂಬರ್ 1ರಂದು ಹೆಸರು ಅಧಿಕೃತವಾಗಿ ಬದಲಾದರೂ ಬಾಯಿ, ಕೈ ಎರಡೂ ಹಳೆಯದನ್ನೇ ಬಿಟ್ಟಿಲ್ಲ. ಅರ್ಥವಾಗದಿದ್ದುದು ಇದು: 'ಹೊಳೆಹೊನ್ನೂರು' ಎರಡು ಸಲ ಇತ್ತು. ಒಂದರ ಮುಂದೆ 212, ಇನ್ನೊಂದರ ಮುಂದೆ 67. ಕಣ್ಣಿಗೆ ಎರಡೂ ಒಂದೇ. ಒಂದು ಗೆರೆಯ ವ್ಯತ್ಯಾಸವೂ ಇಲ್ಲ.

ಅದೇ ಸಾಲನ್ನು ಮತ್ತೆ ಬರೆದು, 'ತೋರಿಸು' ಮೊದಲು 'ಊರಿನ ಉದ್ದ ಅಳೆದು' ಅಂತ ಒಂದು ಜರಡಿ ಸಿಕ್ಕಿಸಿದೆ. ಒಂದು ಹೊಳೆಹೊನ್ನೂರಿನಲ್ಲಿ 12 ಸಂಕೇತ, ಇನ್ನೊಂದರಲ್ಲಿ 14.

ಕಾರಣ ಆ ಒಕಾರ. 'ಹೊ' ಅನ್ನೋದನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಹಕಾರಕ್ಕೆ ಒಕಾರದ ಒಂದೇ ಗುರುತು ಹಚ್ಚಬಹುದು. ಇಲ್ಲವೇ ಎಕಾರದ ಗುರುತು ಒಂದು, ಊಕಾರದ ಗುರುತು ಒಂದು, ಎರಡನ್ನೂ ಹಚ್ಚಬಹುದು. ಪರದೆ ಮೇಲೆ ಎರಡೂ 'ಹೊ' ಅಂತಲೇ ಕಾಣುತ್ತೆ. ಯೂನಿಕೋಡ್ ನಿಯಮದ ಪ್ರಕಾರವೂ ಎರಡೂ ಸಮಾನ. ಆದರೆ ಯಾರಾದರೂ ಕೆಲಸ ತಗೊಂಡು ಸಮಾನ ಮಾಡದಿದ್ದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಬೇರೆ ಊರು. ಹೊಳೆಹೊನ್ನೂರಿನಲ್ಲಿ 'ಹೊ' ಎರಡು ಸಲ ಬರುತ್ತೆ, ಅದಕ್ಕೇ ಎರಡು ಸಂಕೇತ ಹೆಚ್ಚು. ವಿಚಾರಿಸಿದಾಗ ತಿಳಿಯಿತು, ಮಂಡಿಯಲ್ಲಿ ಮೊದಲು ಹಳೆಯ ಫಾಂಟಿನಲ್ಲಿ ಲೆಕ್ಕ ಇತ್ತು. ಅದನ್ನು ಯೂನಿಕೋಡ್‌ಗೆ ಬದಲಾಯಿಸಿದಾಗ ಬಂದ ಸಾಲುಗಳು ಒಂದು ಥರ, ಆಮೇಲೆ ಟೈಪ್ ಮಾಡಿದ್ದು ಇನ್ನೊಂದು ಥರ. ಖಾತೆ ಹುಡುಕುತ್ತಿದ್ದುದು ಹೆಸರು ಮತ್ತು ಊರು ಎರಡನ್ನೂ ಸೇರಿಸಿ. ಹಾಗಾಗಿ ಅಜ್ಜನಿಗೆ ಗೊತ್ತಿಲ್ಲದ ಹಾಗೆ ಅವರಿಗೆ ಎರಡು ಖಾತೆ. ಮುಂಗಡ ಒಂದರಲ್ಲಿ, ಅದನ್ನು ಮುರಿದುಕೊಂಡ ಜಮೆ ಇನ್ನೊಂದರಲ್ಲಿ.

ಶೆಲ್‌ಗೆ 'ಒಂದಾಗಿಸಿ' ಅನ್ನುವ ಹೊಸ ಕ್ರಿಯಾಪದ ಸೇರಿಸಿದೆ. ಎರಡು ರೀತಿಯ ಬರಹವನ್ನು ಒಂದೇ ರೂಪಕ್ಕೆ ತರುವುದು ಅದರ ಕೆಲಸ, ಬೇರೇನನ್ನೂ ಮುಟ್ಟಲ್ಲ. 'ಓದಿ' ಆದ ಮೇಲೆ ಅದನ್ನು ಇಟ್ಟು ಇಡೀ ಪಟ್ಟಿಯನ್ನು ಮತ್ತೆ ಹರಿಸಿದೆ. ಇಪ್ಪತ್ತಮೂರು ರೈತರ ಖಾತೆ ಹೀಗೆ ಸೀಳಿ ಹೋಗಿತ್ತು. ಒಂಬತ್ತು ಜನರದರಲ್ಲಿ ಹಣದ ವ್ಯತ್ಯಾಸ. ಏಳು ಜನಕ್ಕೆ ಮಂಡಿ ಕೊಡಬೇಕಿತ್ತು, ಇಬ್ಬರು ಮಂಡಿಗೆ ಕೊಡಬೇಕಿತ್ತು. ಅಜ್ಜನ ಬಾಕಿ ಸೊನ್ನೆ, ಮೇಲೆ ಅವರಿಗೇ 6,350 ರೂಪಾಯಿ ಬರಬೇಕು.

ಹೊಸ ಪಟ್ಟಿ ಬರೆಯುವ ಮುಂಚೆ ಶೆಲ್ ಕೇಳಿತು, "ಸುರಿಯಲಾ?" ಮಾವನನ್ನು ಕರೆದು ತೋರಿಸಿದೆ. ಮಾವ ಒಂಬತ್ತು ಖಾತೆಯನ್ನೂ ಒಂದೊಂದಾಗಿ ಹಳೆಯ ಕೈಬರಹದ ಪುಸ್ತಕದ ಜೊತೆ ತಾಳೆ ನೋಡಿದರು. ಸಂಜೆ ಆರೂವರೆ ಆಯಿತು. ಆಮೇಲೆ ತಾವೇ 'ಸುರಿ' ಅಂತ ಟೈಪ್ ಮಾಡಿದರು, ಒಂದು ಬೆರಳಿನಲ್ಲಿ. ಮೊದಲು ಆ ಏಳು ಜನಕ್ಕೆ ಫೋನ್ ಮಾಡಿದರು. ಇಬ್ಬರಿಗೆ ಮರುದಿನ.

ಅಜ್ಜನಿಗೆ ವಿಷಯ ಹೇಳಿದಾಗ ಅವರು ಹಿಗ್ಗಲೂ ಇಲ್ಲ, ಬೈಯಲೂ ಇಲ್ಲ. "ನಾ ಹೇಳಿದ್ನಲ್ಲ" ಅಂದರು. ಆಮೇಲೆ, "ನನ್ ಚೀಟಿ ನಿಮ್ಮತ್ರಾನೇ ಉಳೀತು, ಜೋಪಾನ" ಅಂದರು.

ಎಐ ಇದೆಯಲ್ಲ?

ಇದನ್ನು ಹೇಳಿದರೆ ಗೆಳೆಯರು ಕೇಳೋದು ಇದೇ: ಇವತ್ತು ಎಐಗೆ ಹೇಳಿದರೆ ಕಮಾಂಡ್ ಅದೇ ಬರೆದುಕೊಡುತ್ತೆ, ಶೆಲ್ ಯಾಕೆ ಕಟ್ಟಬೇಕು? ನಾನೂ ಎಐ ಬಳಸುತ್ತೇನೆ, ಈ ಶೆಲ್‌ನ ಪರೀಕ್ಷೆಗಳನ್ನು ಬರೆಯೋದಕ್ಕೂ ಬಳಸಿದ್ದೇನೆ. ಆದರೆ ಅವತ್ತು ಮಂಡಿಯಲ್ಲಿ ಬೇಕಾಗಿದ್ದು ಉತ್ತರ ಒಂದೇ ಅಲ್ಲ. ಮಾವನಿಗೆ ಒಂದೊಂದು ಹೆಜ್ಜೆಯೂ ಕಾಣಬೇಕಿತ್ತು. 'ಊರಿನಂತೆ ಗುಂಪಾಗಿಸಿ' ಅಂದರೆ ಏನಾಯಿತು ಅಂತ ಅವರು ಕನ್ನಡದಲ್ಲೇ ಓದಿದರು, ತಲೆ ಆಡಿಸಿದರು, ಮುಂದಿನ ಪದಕ್ಕೆ ಹೋದರು. ಲೆಕ್ಕವನ್ನು ನಂಬೋದಕ್ಕೆ ಅವರಿಗೆ ನನ್ನನ್ನು ನಂಬುವ ಅಗತ್ಯ ಬರಲಿಲ್ಲ.

ನನಗೆ ಸಿಕ್ಕಿದ್ದು ಇನ್ನೊಂದು. ಆರು ವರ್ಷ ನಾನು ಕೋಟಿಗಟ್ಟಲೆ ಸಾಲಿನ ಮಾಹಿತಿ ಜಾಲಾಡಿದ್ದೆ. ಯಾವ ಸಾಲು ಯಾರದು ಅಂತ ಒಮ್ಮೆಯೂ ಗೊತ್ತಿರಲಿಲ್ಲ, ಎಲ್ಲರೂ ಬರೀ 'ಯೂಸರ್'. ಮೊದಲ ಸಲ ಒಂದು ಸಾಲು ಎದುರಿಗೆ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿತ್ತು.

ಜೂನ್‌ನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಇಂಟರ್‌ವ್ಯೂನಲ್ಲಿ ಮುಕ್ಕಾಲು ಗಂಟೆ ಈ ಶೆಲ್ ಬಗ್ಗೆಯೇ ಮಾತು. ಸಂಬಳ ಮೊದಲಿಗಿಂತ ಕಡಿಮೆ. ಮನೆಯಿಂದಲೇ ಕೆಲಸ, ಹಾಗಾಗಿ ಭದ್ರಾವತಿಯಲ್ಲೇ ಇದ್ದೇನೆ. ಶೆಲ್‌ಗೆ ಈಗ ಮೂರು ಜನ ಬಳಕೆದಾರರು. ನಾನು, ಮಂಡಿಯ ಹುಡುಗ, ಮತ್ತೆ ಅಪ್ಪ. ಅಪ್ಪ ತಮ್ಮ ಜೊತೆ ಫೌಂಡ್ರಿಯಲ್ಲಿದ್ದವರ ಹೆಸರು, ಫೋನ್ ನಂಬರ್ ಪಟ್ಟಿ ಇಟ್ಟುಕೊಂಡಿದ್ದಾರೆ. ಕೊನೆಗೆ ಯಾವಾಗಲೂ 'ತೋರಿಸಿ' ಅಂತಲೇ ಬರೆಯುತ್ತಾರೆ.

ಪ್ರೋಗ್ರಾಮಿಂಗ್ ಕಲಿಯುತ್ತಿರುವವರು ಇದನ್ನು ಓದುತ್ತಿದ್ದರೆ ಒಂದು ಸಲಹೆ. ದೊಡ್ಡ ಶೆಲ್ ಕಟ್ಟಬೇಕಾಗಿಲ್ಲ. ಒಂದು ಸಾಲು ಓದಿ, ನೆಟ್ಟಗೆರೆ ಇದ್ದಲ್ಲಿ ತುಂಡು ಮಾಡಿ, ಎರಡೇ ಎರಡು ಕ್ರಿಯೆ ನಡೆಸಿಕೊಡುವ ಪುಟ್ಟ ಪ್ರೋಗ್ರಾಮ್ ಬರೆಯಿರಿ. ಒಂದು ಶನಿವಾರ ಸಾಕು. ನಂತರ ಅದಕ್ಕೆ ನಿಮ್ಮ ಮನೆಯವರ ಯಾವುದಾದರೂ ಲೆಕ್ಕ ಕೊಡಿ, ಹಾಲಿನದು, ಚೀಟಿಯದು, ಸ್ವಸಹಾಯ ಸಂಘದ್ದು. ಯಾವ ಕ್ರಿಯಾಪದ ಬಾಕಿ ಇದೆ ಅಂತ ಅವರೇ ಹೇಳುತ್ತಾರೆ.

ಈ ಸಲದ ಕೊಯ್ಲು ಮುಗಿದು ಅಡಿಕೆ ಬರೋಕೆ ಶುರುವಾಗಿದೆ. ಮೊನ್ನೆ ಹುಡುಗ ಫೋನ್ ಮಾಡಿದ್ದ. ಹೊಳೆಹೊನ್ನೂರಿನ ಅಜ್ಜ ಆರು ಚೀಲ ರಾಶಿ ಇಳಿಸಿ, ನೇರ ಅವನ ಟೇಬಲ್ ಹತ್ತಿರ ಬಂದರಂತೆ. ಪರದೆ ಕಡೆ ಬೆರಳು ತೋರಿಸಿ ಕೇಳಿದರಂತೆ: "ಈ ಸಲ ನಮ್ಮೂರು ಒಂದೇ ಐತೇನಪ್ಪಾ?"